ನೆರೆ ಕಾಲದ ಅಪರಾಧ: ಕಾನೂನು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾನೂನು ಸಚಿವರೆ,

ಕೃಷ್ಣಾ ತೀರದಲ್ಲೋ ಕೊಡಗಿನಲ್ಲೋ ಜನ ಮನೆ ಬಿಟ್ಟು ಕಾಳಜಿ ಕೇಂದ್ರ ಸೇರಿದಾಗಲೆಲ್ಲ, ಖಾಲಿ ಮನೆಗೆ ನುಗ್ಗುವವರಿಗೆ ಶಿಕ್ಷೆ ಹೆಚ್ಚಿಸಿ ಎಂಬ ಕೂಗು ಏಳುತ್ತದೆ. ಕೂಗು ನ್ಯಾಯವಾದದ್ದೇ. ಆದರೆ ವಾಸದ ಮನೆಯ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಕಾನೂನು) 305ನೇ ಕಲಂ ಈಗಲೇ 7 ವರ್ಷದವರೆಗೆ ಜೈಲು ಹೇಳುತ್ತದೆ. ಹೊಲದ ಪಂಪ್‌ಸೆಟ್ ಕದ್ದರೆ ಮಾತ್ರ 303(2), ಗರಿಷ್ಠ 3 ವರ್ಷ. ಬಿಗಿ ಮಾಡುವುದಿದ್ದರೆ ಅಲ್ಲಿ ಮಾಡಿ.

ನಿಜವಾದ ತೂತು ಇರುವುದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ. ಪರಿಹಾರದ ಹಣ, ಅಕ್ಕಿ, ತಾಡಪಾಲು ನುಂಗಿದವನಿಗೆ 53ನೇ ಕಲಮಿನಡಿ ಹೆಚ್ಚೆಂದರೆ 2 ವರ್ಷ. ಸರ್ಕಾರಿ ನೌಕರನ ನಂಬಿಕೆದ್ರೋಹಕ್ಕೆ ಸಂಹಿತೆಯ 316(5) ಜೀವಾವಧಿಯವರೆಗೂ ಹೋಗುತ್ತದೆ. ವಿಪತ್ತಿಗೆಂದೇ ಮಾಡಿದ ಕಾನೂನು ಮಾಮೂಲಿ ಕಾನೂನಿಗಿಂತ ಮೆದು! ಅದೂ ಅಲ್ಲದೆ, ಇಂಥ ವಿಶೇಷ ಕಾಯ್ದೆಗಳಲ್ಲಿ 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯಿದ್ದರೆ, ಬೇರೆ ಸೂಚನೆ ಇಲ್ಲದ ಪಕ್ಷದಲ್ಲಿ, ಅಪರಾಧ ಅಸಂಜ್ಞೇಯ ಮತ್ತು ಜಾಮೀನೀಯ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೇ ಇಳಿಯುವಂತಿಲ್ಲ. 2 ಅನ್ನು 3 ಮಾಡಿದರೆ ಈ ತೊಡಕು ಬಿಡುತ್ತದೆ, 10 ಮಾಡಬೇಕಿಲ್ಲ.

ಆಮೇಲೆ ಅದೇ ಕಾಯ್ದೆಯ 60ನೇ ಕಲಂ. ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಲು ಸರ್ಕಾರ, ವಿಪತ್ತು ನಿರ್ವಹಣಾ ಪ್ರಾಧಿಕಾರ ಅಥವಾ ಅವು ಅಧಿಕಾರ ಕೊಟ್ಟ ಅಧಿಕಾರಿಯೇ ದೂರು ಕೊಡಬೇಕು. ಜನಸಾಮಾನ್ಯರಾದರೆ 30 ದಿನ ಮೊದಲೇ ನೋಟಿಸ್ ಕೊಡಬೇಕು. ಅಷ್ಟರಲ್ಲಿ ಗೋದಾಮಿನ ದಾಸ್ತಾನು ಪುಸ್ತಕ ಮೊದಲಿನಂತೆಯೇ ಇರುತ್ತದೆಂದು ನಂಬುವವರು ಯಾರು? 2020ರಲ್ಲಿ ತಿದ್ದಿದ ಸಾಂಕ್ರಾಮಿಕ ರೋಗಗಳ ಕಾಯ್ದೆ ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಬೇರೆ ದಾರಿ ಹಿಡಿಯಿತು: ಇನ್‌ಸ್ಪೆಕ್ಟರ್ ದರ್ಜೆಯವರಿಂದ ತನಿಖೆ, 30 ದಿನದಲ್ಲಿ ಮುಕ್ತಾಯ. ನಮಗೆ ಬೇಕಿರುವುದು ಆ ಮಾದರಿ.

ಹೆಚ್ಚಿನ ಶಿಕ್ಷೆಯನ್ನು ವಿಪತ್ತಿನ ಘೋಷಣೆಗೆ ಜೋಡಿಸುವ ವಿಷಯದಲ್ಲಿ ಎಚ್ಚರ ಬೇಕು. ಅಮೆರಿಕದ ಟೆಕ್ಸಸ್‌ನಲ್ಲಿ ವಿಪತ್ತು ಘೋಷಿತ ಪ್ರದೇಶದ ಕಳವಿಗೆ ಶಿಕ್ಷೆ ಒಂದು ದರ್ಜೆ ಏರುತ್ತದೆ. ನಮ್ಮಲ್ಲಿ ನೆರೆಪೀಡಿತ ತಾಲ್ಲೂಕುಗಳ ಪಟ್ಟಿ ಹೊರಬೀಳುವುದು ನೀರು ಬಂದುಹೋದ ಮೇಲೆ. ಸಂವಿಧಾನದ 20(1)ನೇ ವಿಧಿಯಿಂದಾಗಿ ಹೆಚ್ಚಿನ ಶಿಕ್ಷೆಯನ್ನು ಹಿಂದಿನ ದಿನಾಂಕಕ್ಕೆ ಎಳೆಯಲಾಗದು. ಆದ್ದರಿಂದ ಜಿಲ್ಲಾಧಿಕಾರಿಯ ತೆರವು ಆದೇಶವನ್ನೇ ಆಧಾರವಾಗಿಡಿ. ಅದರಲ್ಲಿ ಗ್ರಾಮದ ಹೆಸರು, ದಿನಾಂಕ, ಗಂಟೆ ಮತ್ತು ಮುಕ್ತಾಯದ ದಿನ ಇರಲಿ. ಅನ್ನ, ನೀರು, ಔಷಧಿ ಎತ್ತಿಕೊಂಡ ಸಂತ್ರಸ್ತರನ್ನು ಈ ಹೆಚ್ಚಿನ ಶಿಕ್ಷೆಯಿಂದ ಹೊರಗಿಡಿ.

ಕೇಂದ್ರದ ಕಾನೂನಿಗೆ ರಾಜ್ಯದ ತಿದ್ದುಪಡಿ ಎಂದರೆ ಸಂವಿಧಾನದ 254(2)ನೇ ವಿಧಿಯಡಿ ರಾಷ್ಟ್ರಪತಿಗಳ ಅಂಕಿತ ಬೇಕು. ಬೆಳಗಾವಿ ಅಧಿವೇಶನದಲ್ಲೇ ಮಸೂದೆ ತಂದರೂ ಮುಂದಿನ ಮುಂಗಾರಿಗೆ ಅದು ಜಾರಿಯಾಗುವ ಖಾತರಿಯಿಲ್ಲ. ಆದರೆ 60ನೇ ಕಲಮಿನಡಿ ದೂರು ಕೊಡುವ ಅಧಿಕಾರವನ್ನು ತಹಶೀಲ್ದಾರರಿಗೆ ವಹಿಸುವ ಅಧಿಸೂಚನೆಗೆ ದೆಹಲಿಯ ಒಪ್ಪಿಗೆ ಬೇಕಿಲ್ಲ. ಕಂದಾಯ ಸಚಿವರ ಜೊತೆ ಮಾತಾಡಿ ಅದನ್ನು ಈ ತಿಂಗಳೇ ಹೊರಡಿಸಿ.

ಇಂತಿ,
ಕ್ರಿಮಿನಲ್ ನ್ಯಾಯಾಲಯಗಳಲ್ಲಿ ವಕೀಲಿಕೆ ಮಾಡುವ ಕೆಲವರು