ಮೇಲಿನ ರೂಮಿನ ವಿಷಯ

ಷಿಕಾಗೋ, ಭಾನುವಾರ ರಾತ್ರಿ

ಪ್ರೀತಿಯ ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ಚಳಿ ಇನ್ನೂ ಬಿಟ್ಟಿಲ್ಲ, ಅಮ್ಮ ಕೊಟ್ಟ ಚಟ್ನಿಪುಡಿ ಮಾತ್ರ ಮುಗಿದಿದೆ. ಫೋನಿನಲ್ಲಿ ಮೇಲಿನ ರೂಮು ಬಾಡಿಗೆಗೆ ಕೊಡುವ ಮಾತು ಎತ್ತಿದರೆ ನೀವು "ಇರಲಿ ಬಿಡು" ಅಂತ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಸೋಷಿಯಲ್ ಸೈಕಾಲಜಿ ಕ್ಲಾಸಿನ ಮೊದಲ ದಿನವೇ ನಿಮ್ಮ ನೆನಪಾಯಿತು. ಸ್ಟೀರಿಯೋಟೈಪ್ ಅನ್ನೋದು ನಿಮ್ಮ ಪ್ರೆಸ್ಸಿನ ಮಾತಂತೆ! ಜೋಡಿಸಿದ ಅಕ್ಷರದ ಮೊಳೆಗಳಿಂದ ಅಚ್ಚು ತೆಗೆದು, ಎರಕ ಹೊಯ್ದು, ಇಡೀ ಪುಟವನ್ನು ಒಂದೇ ತಗಡು ಮಾಡುತ್ತಿದ್ದರಲ್ಲ, ಅದು. ವಾಲ್ಟರ್ ಲಿಪ್‌ಮನ್ ಅನ್ನೋ ಪತ್ರಕರ್ತ 1922ರಲ್ಲಿ ಆ ಪದವನ್ನು ತಂದು, ಜನರ ಬಗ್ಗೆ ನಮ್ಮ ತಲೆಯಲ್ಲಿ ಮೊದಲೇ ಕೂತಿರುವ ಚಿತ್ರಗಳಿಗೆ ಇಟ್ಟ. ಮೊಳೆಯಲ್ಲಿ ಒಂದಕ್ಷರ ತಪ್ಪಿದರೆ ಕಿತ್ತು ಬೇರೆ ಹಾಕಬಹುದು, ಚಿಕ್ಕವಳಿದ್ದಾಗ ನೀವೇ ತೋರಿಸಿದ್ದಿರಿ. ತಗಡಿನಲ್ಲಿ ಅದು ಅಷ್ಟು ಸುಲಭ ಅಲ್ಲ.

ಈ ಊರಲ್ಲೇ ನಡೆದ ಒಂದು ಪ್ರಯೋಗ ಹೇಳುತ್ತೇನೆ. ಮರಿಯಾನ್ ಬರ್ಟ್ರಂಡ್, ಸೆಂಧಿಲ್ ಮುಲ್ಲೈನಾಥನ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಬಾಸ್ಟನ್ ಮತ್ತು ಷಿಕಾಗೋದ ಪೇಪರ್ ಜಾಹೀರಾತು ನೋಡಿ ಸುಮಾರು 5000 ಬಯೋಡೇಟಾ ಕಳಿಸಿದರು. ಎಲ್ಲಾ ಸುಳ್ಳು ಬಯೋಡೇಟಾ. ಅರ್ಧಕ್ಕೆ ಎಮಿಲಿ, ಗ್ರೆಗ್ ಥರ ಬಿಳಿಯರ ಹೆಸರು, ಇನ್ನರ್ಧಕ್ಕೆ ಲಕೀಶಾ, ಜಮಾಲ್ ಥರ ಕರಿಯರ ಹೆಸರು. ಬಿಳಿ ಹೆಸರಿಗೆ 10 ಅರ್ಜಿಗೊಂದು ಕರೆ ಬಂತು, ಕರಿಯರ ಹೆಸರಿಗೆ 15ಕ್ಕೊಂದು. ಇದು ಅಚ್ಚಾಗಿದ್ದು 2004ರಲ್ಲಿ. ನನಗೆ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ: ಅನುಭವ ಜಾಸ್ತಿ ತೋರಿಸಿದರೆ ಎಮಿಲಿಗೆ ಕರೆಗಳು ಚೆನ್ನಾಗಿಯೇ ಹೆಚ್ಚಿದವು, ಲಕೀಶಾಗೆ ಹೆಚ್ಚುಕಮ್ಮಿ ಅಲ್ಲೇ ನಿಂತವು.

ಕ್ಲಾಸಿನಲ್ಲಿ ನಾನೇ ಎದ್ದು ಜೋರಾಗಿ ಮಾತಾಡಿದೆ. ಹೋದ ವರ್ಷ ಮನೆ ಹುಡುಕುವಾಗ ನನ್ನ ಉದ್ದದ ಹೆಸರು ನೋಡಿ ಒಬ್ಬರು "ಆಗಲೇ ಹೋಯ್ತು" ಅಂತ ಉತ್ತರ ಬರೆದಿದ್ದರು, ಜಾಹೀರಾತು ಮಾತ್ರ ಇನ್ನೂ ಮೂರು ವಾರ ಹಾಗೇ ಇತ್ತು. ಅದನ್ನೂ ಹೇಳಿದೆ. ಅವತ್ತು ರಾತ್ರಿಯೇ ತಮ್ಮ ಫೋನ್ ಮಾಡಿ ಸುಮ್ನೆ ನಗುತ್ತಾ ಹೇಳಿದ: ಮೇಲಿನ ರೂಮು ಕೇಳಿಕೊಂಡು ಫೋನ್ ಮಾಡಿದ ಹುಡುಗನ ಹೆಸರು ಕೇಳಿದ ಕೂಡಲೇ ಅಪ್ಪ "ಆಗಿಹೋಯ್ತಪ್ಪಾ" ಅಂದುಬಿಟ್ಟರು, ಗೇಟಿನ ಮೇಲೆ ಬೋರ್ಡು ಇನ್ನೂ ನೇತಾಡ್ತಿದೆ ಅಂತ.

ನನಗೆ ನಿದ್ದೆ ಬರಲಿಲ್ಲ.

ಬಯ್ಯೋಕೆ ಬರೆಯುತ್ತಿಲ್ಲ ಅಪ್ಪ. ರಿಚರ್ಡ್ ಲಾಪಿಯರ್ ಅನ್ನೋ ಪ್ರೊಫೆಸರ್ 1930ರ ಆಸುಪಾಸಿನಲ್ಲಿ ಒಬ್ಬ ಚೀನೀ ಗಂಡ ಹೆಂಡತಿಯ ಜೊತೆ ಅಮೆರಿಕ ಸುತ್ತಿದ. ಆಗ ಇಲ್ಲಿ ಚೀನೀಯರೆಂದರೆ ಜನಕ್ಕೆ ಆಗುತ್ತಿರಲಿಲ್ಲ. ಆದರೂ 251 ಹೋಟೆಲ್, ವಸತಿಗಳಲ್ಲಿ ಒಂದೇ ಒಂದು ಕಡೆ ಬೇಡ ಅಂದರು. ಆಮೇಲೆ ಅವೇ ಜಾಗಗಳಿಗೆ ಕಾಗದ ಬರೆದು, ಚೀನೀಯರನ್ನು ಸೇರಿಸಿಕೊಳ್ತೀರಾ ಅಂತ ಕೇಳಿದ. ಉತ್ತರ ಬರೆದ 128 ಜಾಗಗಳಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ "ಇಲ್ಲ" ಅಂದವು! ಪ್ರಯೋಗದಲ್ಲಿ ಹುಳುಕಿದೆ. ಕಾಗದಕ್ಕೆ ಉತ್ತರ ಬರೆದವರು ಬಾಗಿಲಲ್ಲಿ ನಿಂತಿದ್ದವರೇ ಅಂತ ಏನು ಗ್ಯಾರಂಟಿ, ಜೊತೆಯಲ್ಲಿ ಬಿಳಿಯ ಪ್ರೊಫೆಸರ್ ಬೇರೆ ಇದ್ದ. ಆದರೂ ಓದುವಾಗ ನೀವೇ ಕಣ್ಣ ಮುಂದೆ ಬಂದಿರಿ. ಮನೆ ಬಾಗಿಲಿಗೆ ಬಂದ ಯಾರನ್ನೂ ನೀವು ಕಾಫಿ ಕೊಡದೆ ಕಳಿಸಿದ್ದನ್ನು ನಾನು ನೋಡಿಲ್ಲ. ಫೋನಿನಲ್ಲಿ ಬರೀ ಹೆಸರು ಬಂದರೆ ಮಾತ್ರ ಹಳೇ ತಗಡೇ ಒತ್ತುತ್ತೆ, ಅಲ್ವಾ?

ಆ ಹುಡುಗನ ನಂಬರು ತಮ್ಮನ ಹತ್ತಿರ ಇದೆ. ಒಂದು ಸಂಜೆ ಬಂದು ರೂಮು ನೋಡಿಹೋಗು ಅನ್ನಿ. ಬಾಡಿಗೆ, ಅಡ್ವಾನ್ಸ್ ನಿಮಗೆ ಬಿಟ್ಟಿದ್ದು, ಚೌಕಾಸಿ ಮಾಡಿದರೆ ಬೇಕಾದರೆ ಆಗ ಬೇಡ ಅನ್ನಿ.

ಅಮ್ಮನಿಗೆ ಹೇಳಿ, ಈ ಸಲ ಚಟ್ನಿಪುಡಿಗೆ ಕೊಬ್ಬರಿ ಕಮ್ಮಿ ಹಾಕಲಿ. ಬರುವಷ್ಟರಲ್ಲಿ ಕಮಟು ವಾಸನೆ ಬರುತ್ತೆ.

ನಿಮ್ಮ ಮಗಳು