ಮಳೆಗಾಲಕ್ಕೆ ಮೊದಲು ಅಮ್ಮನಿಗೆ

ಮೆಲ್ಬರ್ನ್
ಏಪ್ರಿಲ್ 19

ಪ್ರೀತಿಯ ಅಮ್ಮನಿಗೆ,

ಸಣ್ಣ ಮಗಳ ನಮಸ್ಕಾರಗಳು. ನಾವು ನಾಲ್ಕೂ ಜನ ಇಲ್ಲಿ ಕ್ಷೇಮ. ಅಣ್ಣ, ಅತ್ತಿಗೆ, ಮಕ್ಕಳು ಆರಾಮ ಇದ್ದಾರೆ ಅಂತ ನಂಬಿದ್ದೇನೆ. ನಿನ್ನ ಕಾಲು ಗಂಟಿನ ನೋವಿಗೆ ರಾತ್ರಿ ಎಣ್ಣೆ ಹಚ್ಚುವುದನ್ನು ಬಿಡಬೇಡ.

ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಈಗ ಕಾಗದ ಯಾಕೆ ಅಂತ ನಿನಗೆ ಅನ್ನಿಸಬಹುದು. ಫೋನಿನಲ್ಲಿ ಪಡುಕೆರೆಯ ಕಡಲ ಬದಿಯ ನಮ್ಮ ಮನೆಯ ವಿಷಯ ಎತ್ತಿದರೆ ನೀನು "ಅದು ಮತ್ತೆ ನೋಡುವ" ಅಂತ ಮಾತು ತಿರುಗಿಸುತ್ತೀಯ, ನನಗೆ ಗಂಟಲು ಕಟ್ಟುತ್ತದೆ, ಅಲ್ಲಿಗೆ ಮುಗಿಯಿತು. ಕಾಗದವಾದರೆ ನೀನು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು ಎರಡು ಸಲ ಓದುತ್ತೀಯ ಅಂತ ನನಗೆ ಗೊತ್ತು. ಹಾಗಾಗಿ ಬರೆಯುತ್ತಿದ್ದೇನೆ. ಮೊದಲು ನಾವು ಹೋಗಿ ಬಂದ ಸುದ್ದಿ ಹೇಳುತ್ತೇನೆ, ಯಾಕೆಂದರೆ ಹೇಳಬೇಕಾದ ವಿಷಯ ನನಗೆ ಹೊಳೆದದ್ದು ಅಲ್ಲಿಯೇ.

ಮಕ್ಕಳಿಗೆ ಎರಡು ವಾರ ರಜೆ ಇತ್ತು. ಇವರಿಗೂ ಮೂರು ದಿನ ರಜೆ ಸಿಕ್ಕಿತು. ಕಾರಿನಲ್ಲಿ ಕಡಲ ಬದಿಯ ದಾರಿ ಹಿಡಿದು ಹೋದೆವು. ಇಲ್ಲಿಯವರು ಅದನ್ನು ಗ್ರೇಟ್ ಓಷನ್ ರೋಡ್ ಅನ್ನುತ್ತಾರೆ. ಮೆಲ್ಬರ್ನ್‌ನಿಂದ ಸುಮಾರು 100 ಕಿಲೋಮೀಟರ್ ಹೋದರೆ ಟಾರ್ಕಿ ಅಂತ ಒಂದು ಊರು, ದಾರಿ ಅಲ್ಲಿ ಶುರು. ಅಲ್ಲಿಂದ 243 ಕಿಲೋಮೀಟರ್, ಹೆಚ್ಚಿನ ಕಡೆ ಕಡಲನ್ನು ಹಿಡಿದುಕೊಂಡೇ ಹೋಗುತ್ತದೆ. ಇಲ್ಲಿಯೂ ನಮ್ಮ ಹಾಗೆ ಎಡಗಡೆಯಲ್ಲೇ ಗಾಡಿ ಬಿಡುವುದು. ಪಶ್ಚಿಮಕ್ಕೆ ಹೋಗುವಾಗ ಕಡಲು ಎಡಕ್ಕೆ ಸಿಗುತ್ತದೆ, ಹಾಗಾಗಿ ಇವರ ಪಕ್ಕ ಕೂತ ನನಗೆ ಕಿಟಕಿ ತುಂಬ ಕಡಲೇ. ನೀನು ಬಂದಾಗ ಆ ಸೀಟು ನಿನಗೆ.

ಬುತ್ತಿಗೆ ಅಕ್ಕಿರೊಟ್ಟಿ, ಒಣ ಸಿಗಡಿ ಚಟ್ನಿ ಕಟ್ಟಿಕೊಂಡಿದ್ದೆ. ಲಾರ್ನ್ ಎಂಬ ಊರಿನ ಕಡಲ ದಂಡೆಯಲ್ಲಿ ಹುಲ್ಲಿನ ಮೇಲೆ ಕೂತು ತಿಂದೆವು. ಅದಕ್ಕಿಂತ ಸ್ವಲ್ಪ ಮೊದಲು, ಈಸ್ಟರ್ನ್ ವ್ಯೂ ಎಂಬಲ್ಲಿ, ದಾರಿಗೆ ಅಡ್ಡವಾಗಿ ಮರದ ದೊಡ್ಡ ಕಮಾನು ಇದೆ. ಪಕ್ಕದಲ್ಲಿ ಗುದ್ದಲಿ ಹಿಡಿದು ಕೆಲಸ ಮಾಡುವ ಇಬ್ಬರ ಪ್ರತಿಮೆ. ಮೊದಲನೆಯ ಮಹಾಯುದ್ಧದಿಂದ ಜೀವಸಹಿತ ಮನೆಗೆ ಬಂದ ಸುಮಾರು 3000 ಸೈನಿಕರು ಈ ದಾರಿ ಕಡಿದದ್ದಂತೆ. 1919ರಲ್ಲಿ ಶುರುಮಾಡಿ 1932ಕ್ಕೆ ಮುಗಿಸಿದರು. ಹಾರೆ, ಪಿಕ್ಕಾಸು, ಸಿಡಿಮದ್ದು, ಇಷ್ಟೇ ಅವರ ಕೈಯಲ್ಲಿದ್ದದ್ದು. ವಾಪಸು ಬಾರದ ತಮ್ಮ ಜೊತೆಯವರ ನೆನಪಿಗೆ ಈ ದಾರಿ. ಗುಡ್ಡದ ಸೊಂಟದಲ್ಲಿ ಕೊರೆದ ಆ ತಿರುವುಗಳಲ್ಲಿ ಹೋಗುವಾಗ ಯಾರೋ ಒಬ್ಬೊಬ್ಬರು ಕೈಯಲ್ಲೇ ಒಡೆದ ಕಲ್ಲು ಇದು ಅಂತ ನೆನಪಾಗಿ ನಾನು ಸುಮಾರು ಹೊತ್ತು ಮಾತಾಡಲಿಲ್ಲ.

ಕೆನೆಟ್ ರಿವರ್ ಹತ್ತಿರ ನೀಲಗಿರಿ ಮರದ ಕವಲಿನಲ್ಲಿ ಕೋಲಾ ಮಲಗಿದ್ದು ನೋಡಿದೆವು. ಸಣ್ಣವನು ಅದನ್ನು ಎಬ್ಬಿಸಲು ಚಪ್ಪಾಳೆ ತಟ್ಟಲು ಹೋದ, ಅಕ್ಕ ಕೈ ಹಿಡಿದು ನಿಲ್ಲಿಸಿದಳು. ರಾತ್ರಿ ಉಳಿದದ್ದು ಅಪೋಲೋ ಬೇಯಲ್ಲಿ. ಅದು ಮೀನುಗಾರರ ಊರು, ಸಣ್ಣ ಬಂದರು ಇದೆ. ಬೋಟುಗಳನ್ನು ನೋಡಿದ ಕೂಡಲೇ ನನಗೆ ಮಲ್ಪೆ ವಾಸನೆಯೇ ಬಂದ ಹಾಗಾಯಿತು. ಅಲ್ಲಿ ಕರಿದ ಮೀನು ತೆಗೆದುಕೊಂಡೆವು, ಫ್ಲೇಕ್ ಅಂತ ಹೆಸರು. ಏನು ಮೀನು ಅಂತ ಕೇಳಿದರೆ ಒಂದು ಜಾತಿಯ ಶಾರ್ಕ್ ಅಂದರು, ನಮ್ಮ ತಾಟೆ. ಮುಳ್ಳಿಲ್ಲದ್ದರಿಂದ ಮಕ್ಕಳು ಖುಷಿಯಲ್ಲಿ ತಿಂದರು. ನನಗೆ ಮಾತ್ರ ನೀನು ಮಾಡುವ ಹುಳಿ ಖಾರದ ತಾಟೆ ಪುಳಿಮುಂಚಿಯ ನೆನಪಾಗಿ ಅದು ಸಪ್ಪೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಬೇಗ ಎದ್ದು ನಾನೊಬ್ಬಳೇ ದಂಡೆಗೆ ಹೋದೆ. ಅಲ್ಲಿ, ದಾರಿಯ ಬುಡದಲ್ಲಿ, ಸಾಲಾಗಿ ಕಪ್ಪು ಬಂಡೆ ಪೇರಿಸಿದ್ದು ಕಂಡಿತು ಅಮ್ಮ. ನಮ್ಮಲ್ಲಿ ಹಾಕುತ್ತಾರಲ್ಲ, ಹಾಗೆಯೇ. ಕಡಲು ಕೊರೆದು ದಾರಿಯ ಅಂಚಿಗೆ ಬಂದದ್ದಕ್ಕೆ ಹಾಕಿದ್ದಂತೆ. ಇಷ್ಟು ದುಡ್ಡಿರುವ ದೇಶದಲ್ಲೂ ಕಡಲ್ಕೊರೆತಕ್ಕೆ ಬಂಡೆಯೇ ಗತಿ ಅಂತ ನೋಡಿ ನನಗೆ ಪಡುಕೆರೆಯ ನಮ್ಮ ಅಂಗಳವೇ ಕಣ್ಣಮುಂದೆ ಬಂತು. ಬಂಡೆಯ ಸಾಲು ಮುಗಿಯುವಲ್ಲಿವರೆಗೆ ನಡೆದು ಹೋಗಿ ನೋಡಿದೆ. ಅಲ್ಲಿಂದ ಮುಂದೆ ಮರಳು ಕತ್ತಿಯಲ್ಲಿ ಕೊಯ್ದ ಹಾಗೆ ಕಡಿದು ನಿಂತಿತ್ತು, ಹುಲ್ಲಿನ ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಗೋಡೆಗೆ ಹೊಡೆದ ನೀರು ಸುಮ್ಮನೆ ಹಿಂದೆ ಹೋಗುವುದಿಲ್ಲ, ಗೋಡೆ ಮುಗಿದಲ್ಲಿ ಪಕ್ಕದ ಮರಳನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಮನೆ ಇರುವುದೂ ಸರಿಯಾಗಿ ಗೋಡೆ ಮುಗಿಯುವ ಜಾಗದಲ್ಲಿ. ಬಂಡೆ ಹಾಕಿದ ವರ್ಷ ನಾವೆಲ್ಲ ಎಷ್ಟು ಖುಷಿಪಟ್ಟಿದ್ದೆವು. ಮರುವರ್ಷವೇ ಆಟಿ ತಿಂಗಳ ಮಳೆಯಲ್ಲಿ ಒಟ್ಟಿಗೆ ಮೂರು ತೆಂಗಿನಮರ ಹೋದವು. ನಾವು ಅದನ್ನು ಆ ವರ್ಷದ ಮಳೆಯ ಮೇಲೆ ಹಾಕಿದೆವು.

ಅಪೋಲೋ ಬೇ ದಾಟಿದ ಮೇಲೆ ದಾರಿ ಕಡಲು ಬಿಟ್ಟು ಕಾಡಿಗೆ ಹೊಗುತ್ತದೆ. ಆಗುಂಬೆ ಘಾಟಿಯ ಹಾಗೆ ತಿರುವು, ತಂಪು, ಎರಡೂ ಬದಿ ಎತ್ತರದ ಮರ. ಸಣ್ಣವನಿಗೆ ಎರಡು ಸಲ ವಾಂತಿ. ಕಾಡು ಮುಗಿದು ಮತ್ತೆ ಕಡಲು ಸಿಕ್ಕುವಾಗ ಅದರ ಮುಖವೇ ಬೇರೆ. ಅಲ್ಲಿ ಮರಳ ದಂಡೆ ಅಲ್ಲ, ಹಳದಿ ಸುಣ್ಣಕಲ್ಲಿನ ನೆಟ್ಟಗಿನ ಗೋಡೆ, ಕೆಳಗೆ ನೀರು ಕುದಿಯುತ್ತಿರುತ್ತದೆ. ಆ ಕಡಲಿನ ಆಚೆ ಅಂಟಾರ್ಕ್ಟಿಕಾದವರೆಗೆ ನೆಲ ಇಲ್ಲವಂತೆ. ಅಲೆಗೆ ತಡೆ ಅಂತ ಏನೂ ಇಲ್ಲ.

ಗಿಬ್ಸನ್ ಸ್ಟೆಪ್ಸ್ ಅಂತ 86 ಮೆಟ್ಟಿಲು ಇಳಿದರೆ ಕೆಳಗೆ ದಂಡೆಗೆ ಹೋಗಬಹುದು. ನಾವು ಹೋದ ದಿನ ಮುಚ್ಚಿದ್ದರು. ಮೇಲಿಂದ ಕಲ್ಲು ಬೀಳುವ ಭಯ ಇದ್ದರೆ ಹಾಗೆ ಮುಚ್ಚುತ್ತಾರೆ. ಅಲ್ಲಿಂದ ಸ್ವಲ್ಪ ಮುಂದೆ, ನೀರಿನ ನಡುವೆ ಕಂಬಗಳ ಹಾಗೆ ನಿಂತ ಬಂಡೆಗಳು. ಟ್ವೆಲ್ವ್ ಅಪಾಸಲ್ಸ್ ಅನ್ನುತ್ತಾರೆ, ಏಸುವಿನ ಹನ್ನೆರಡು ಶಿಷ್ಯರ ಹೆಸರು. ಹೆಸರಿಗೆ ಹನ್ನೆರಡು, ಈಗ ಇರುವುದು ಏಳೆಂಟು. 2005ರ ಜುಲೈಯಲ್ಲಿ 50 ಮೀಟರ್ ಎತ್ತರದ ಒಂದು ಕಂಬ ಕೆಲವೇ ಕ್ಷಣಗಳಲ್ಲಿ ಕುಸಿದು ಪುಡಿಯಾಯಿತಂತೆ. ಅದರ ಬುಡ ಈಗಲೂ ರಾಶಿ ಬಿದ್ದುಕೊಂಡಿದೆ.

ಅಲ್ಲಿ ಕಡಲು ಕೆಲಸ ಮಾಡುವ ರೀತಿ ಒಂದೇ ಜಾಗದಲ್ಲಿ ನಿಂತು ನೋಡಬಹುದು. ಮೊದಲು ಗೋಡೆಯಲ್ಲಿ ಮೆತ್ತಗಿನ ಜಾಗ ಹುಡುಕಿ ಗವಿ ಕೊರೆಯುತ್ತದೆ. ಗವಿ ಆಚೆ ಬದಿಗೆ ತೂತಾದರೆ ಕಮಾನು. ಕಮಾನಿನ ನೆತ್ತಿ ಬಿದ್ದರೆ ಒಂಟಿ ಕಂಬ. ಕೊನೆಗೆ ಕಂಬವೂ ಬೀಳುತ್ತದೆ. ನಮ್ಮಲ್ಲಿಯೂ ಹೀಗೆಯೇ ಆಯಿತಲ್ಲವಾ ಅಮ್ಮ? ಮೊದಲು ಬಲೆ ಒಣಗಿಸುತ್ತಿದ್ದ ಮರಳು ಹೋಯಿತು. ಆಮೇಲೆ ಅಪ್ಪ ದೋಣಿ ಎಳೆದಿಡುತ್ತಿದ್ದ ಚಪ್ಪರ. ಆಮೇಲೆ ಬೇಲಿ, ತೆಂಗು. ಅಪ್ಪ ನೆಟ್ಟ ಹದಿನಾಲ್ಕರಲ್ಲಿ ಈಗ ಐದು. ಎರಡು ವರ್ಷದಿಂದ ಬಾವಿ ನೀರು ಉಪ್ಪು. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ನೊರೆ ತುಳಸಿಕಟ್ಟೆಗೆ ಬಂದು ತಾಗಿತು. ಇನ್ನು ಉಳಿದದ್ದು ಜಗಲಿ.

ಅಲ್ಲೇ ಹತ್ತಿರ ಲಾಕ್ ಆರ್ಡ್ ಅಂತ ಒಂದು ಹಡಗು ಒಡೆದ ಜಾಗ ಇದೆ. 1878ರ ಜೂನ್ 1ರಂದು, ಇಂಗ್ಲೆಂಡಿನಿಂದ ಮೆಲ್ಬರ್ನ್‌ಗೆ ಬರುತ್ತಿದ್ದದ್ದು. 54 ಜನರಲ್ಲಿ ಉಳಿದದ್ದು ಇಬ್ಬರು, ಟಾಮ್ ಪಿಯರ್ಸ್ ಎಂಬ ಹುಡುಗ, ಈವಾ ಕಾರ್ಮೈಕಲ್ ಎಂಬ ಹುಡುಗಿ. ಹುಡುಗ ದಡ ಸೇರಿದ ಮೇಲೆ ಅವಳ ಕೂಗು ಕೇಳಿ ಮತ್ತೆ ನೀರಿಗೆ ಇಳಿದು ಎಳೆದು ತಂದನಂತೆ. ಅವಳ ಜೊತೆ ಹಡಗಿನಲ್ಲಿದ್ದ ಅಪ್ಪ, ಅಮ್ಮ, ಒಡಹುಟ್ಟಿದವರು ಯಾರೂ ಉಳಿಯಲಿಲ್ಲ. ಗೋಡೆಗಳ ನಡುವೆ ಆ ಸಣ್ಣ ದಂಡೆಯಲ್ಲಿ ನಿಂತಾಗ ಅಪ್ಪ ಗಾಳಿಗೆ ಸಿಕ್ಕಿ ರಾತ್ರಿಯಿಡೀ ಬಾರದಿದ್ದ ಆ ದಿನ ನೀನು ಲಾಟೀನು ಹಿಡಿದು ನಿಂತದ್ದು ನೆನಪಾಯಿತು.

ಆದರೆ ನನ್ನನ್ನು ಈ ಕಾಗದ ಬರೆಯಲು ಕೂರಿಸಿದ್ದು ಅದರ ಮುಂದಿನ ಜಾಗ. ಲಂಡನ್ ಬ್ರಿಡ್ಜ್ ಅಂತ ಅದರ ಹಳೆಯ ಹೆಸರು. ದಡದಿಂದ ಕಡಲಿನೊಳಗೆ ಎರಡು ಕಮಾನಿನ ಕಲ್ಲಿನ ಸೇತುವೆಯ ಹಾಗೆ ಇತ್ತು, ಜನ ಅದರ ಮೇಲೆ ನಡೆದು ತುದಿಗೆ ಹೋಗುತ್ತಿದ್ದರು. 1990ರ ಜನವರಿ 15ರಂದು ಇಬ್ಬರು ಹಾಗೆ ತುದಿಗೆ ಹೋಗಿದ್ದಾಗ ಅವರ ಹಿಂದಿನ ಕಮಾನು ಬಿದ್ದುಹೋಯಿತು. ಅವರು ನಿಂತ ಕಲ್ಲಿಗೆ ಏನೂ ಆಗಲಿಲ್ಲ. ಬರುವ ದಾರಿ ಇಲ್ಲವಾಯಿತು. ಹೆಲಿಕಾಪ್ಟರ್ ಬಂದು ಅವರನ್ನು ಎತ್ತಿಕೊಂಡು ಹೋಗಬೇಕಾಯಿತು.

ಅಮ್ಮ, ನಮ್ಮ ಮನೆಯ ಮುಂದೆ ಕಡಲು, ಹಿಂದೆ ಉದ್ಯಾವರ ಹೊಳೆ, ನಡುವೆ ಇರುವುದು ಆ ಒಂದೇ ಸಪೂರ ದಾರಿ. ಮನೆ ಬೀಳುತ್ತದೆ ಅಂತ ನಾನು ಹೆದರುತ್ತಿದ್ದದ್ದು ತಪ್ಪು. ಅಪ್ಪ ಮುರಕಲ್ಲಿನಲ್ಲಿ ಕಟ್ಟಿಸಿದ ಮನೆ, ಅದು ನಿಲ್ಲುತ್ತದೆ. ಹೋಗುವುದು ದಾರಿ. ಜುಲೈಯ ಒಂದು ರಾತ್ರಿ ನೀನು ಒಳಗೆ ಮಲಗಿರುವಾಗ ದಾರಿ ಹೋದರೆ, ಅಣ್ಣ ಉಡುಪಿಯ ಅಂಗಡಿಯಲ್ಲಿದ್ದರೆ, ನಿನ್ನ ಹತ್ತಿರ ಯಾರು ಬರುವುದು?

ಇಷ್ಟು ವರ್ಷ ನಾನು ನಿನ್ನ ಪಕ್ಷವೇ ವಹಿಸಿದೆ. ಉಡುಪಿಯ ಹತ್ತಿರ ಅಂಬಲಪಾಡಿಯಲ್ಲಿ ಆರು ಸೆಂಟ್ಸ್ ಜಾಗ ತೆಗೆದುಕೊಂಡಿದ್ದೇನೆ, ಅಮ್ಮನನ್ನು ಒಪ್ಪಿಸು ಅಂತ ಅಣ್ಣ ಹೇಳಿದಾಗಲೆಲ್ಲ ನಾನೇ ಅವನ ಮೇಲೆ ಸಿಟ್ಟು ಮಾಡಿದೆ. ದೂರದಲ್ಲಿ ಕೂತವಳಿಗೆ ಹುಟ್ಟಿದ ಮನೆ ಹಾಗೆಯೇ ಇರಬೇಕು ಅನ್ನುವ ಆಸೆ. ಮಳೆಯ ರಾತ್ರಿ ಎದ್ದು ಟಾರ್ಚ್ ಹಿಡಿದು ನೀರು ಎಲ್ಲಿಗೆ ಬಂತು ಅಂತ ನೋಡುವವಳು ನೀನು, ಕಾಯುವವನು ಅವನು. ನನ್ನಿಂದ ಅನ್ಯಾಯವಾಗಿದೆ. ಅಣ್ಣನಿಗೆ ಮೊನ್ನೆಯೇ ಫೋನ್ ಮಾಡಿ ಹೇಳಿದೆ.

ನಿನ್ನ ಮನಸ್ಸಿನಲ್ಲಿ ಇರುವುದು ದೈವದ ಕೋಣೆ ಅಂತ ಗೊತ್ತು. ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ, ಅಲ್ಲಿ ಏನು ಕಂಡುಬರುತ್ತದೋ ಹಾಗೆ ಮಾಡುವ. ನಮ್ಮ ಹಿರಿಯರಾದ ಗುರಿಕಾರರಿಗೆ ತಿಳಿಸಿ, ಪ್ರಾರ್ಥನೆ ಮಾಡಿ, ದೈವದ ಮಣೆ, ಮಂಚ, ಗಂಟೆ ಎಲ್ಲ ಕ್ರಮಪ್ರಕಾರ ಅಂಬಲಪಾಡಿಗೆ ತರುವ. ಖರ್ಚು ನನ್ನದು, ಅದಕ್ಕೆ ಅಣ್ಣನ ಹತ್ತಿರ ಜಗಳ ಬೇಡ. ಮನೆಯನ್ನು ಮಾರುವುದಿಲ್ಲ, ಕೆಡಹುವುದಿಲ್ಲ. ಬೇಸಗೆಯಲ್ಲಿ ಹಗಲು ಬಂದು ಜಗಲಿಯಲ್ಲಿ ಕೂತು, ಸಂಜೆ ಸೂರ್ಯ ಮುಳುಗಿದ ಮೇಲೆ ಹೋಗು. ನಾವು ಹೋದ ಈ ಕಡಲಲ್ಲಿ ಅದೊಂದು ಇಲ್ಲ, ಕಡಲು ದಕ್ಷಿಣಕ್ಕೆ. ಸೂರ್ಯ ಗುಡ್ಡದ ಬದಿ ಎಲ್ಲೋ ಇಳಿದುಬಿಡುತ್ತಾನೆ. ಮಕ್ಕಳಿಗೆ ನಮ್ಮಲ್ಲಿ ನೀರಿಗೇ ಇಳಿಯುತ್ತಾನೆ ಅಂತ ಹೇಳಿದ್ದೇನೆ.

ಮೇ 16ಕ್ಕೆ ನನ್ನ ಟಿಕೆಟ್ ಆಗಿದೆ, ನಾನೊಬ್ಬಳೇ, ಮೂರು ವಾರ. ಮಂಗಳೂರಿನಲ್ಲಿ ಇಳಿದು ನೇರ ಪಡುಕೆರೆಗೇ ಬರುತ್ತೇನೆ. ಒಟ್ಟಿಗೆ ಪಾತ್ರೆ ಪಗಡಿ ಕಟ್ಟುವ. ಅಟ್ಟದ ಮೇಲಿನ ಅಪ್ಪನ ಬಲೆ ಯಾರಿಗೂ ಕೊಡಬೇಡ. ಆಮೇಲೆ, ಆ ಐದು ಮರಗಳಲ್ಲಿ ಬಾವಿಯ ಬದಿಯದ್ದು ಒಳ್ಳೆಯ ಜಾತಿ, ಅಪ್ಪ ಬೀಜಕ್ಕೆ ಅದರ ಕಾಯಿಯನ್ನೇ ಇಡುತ್ತಿದ್ದರಲ್ಲ. ಈಗಲೇ ಹತ್ತು ಕಾಯಿ ಬಲಿಯಲು ಬಿಟ್ಟು, ಬೀಳುವ ಮೊದಲು ಹಗ್ಗ ಕಟ್ಟಿ ಇಳಿಸಲು ಹೇಳು. ಮಳೆ ಹಿಡಿಯುವಾಗ ಮಡಿ ಮಾಡಿ ಇಡಬಹುದು.

ಅತ್ತಿಗೆಗೆ ನೆನಪು ತಿಳಿಸು. ಮಕ್ಕಳಿಗೆ ಆಶೀರ್ವಾದ. ಕಾಗದ ಸಿಕ್ಕಿದ ದಿನ ಫೋನಿನಲ್ಲಿ ಬೇರೇನೂ ಹೇಳಬೇಡ, ಓದಿದೆ ಅಂತ ಮಾತ್ರ ಹೇಳು.

ನಿನ್ನ ಪ್ರೀತಿಯ
ಸಣ್ಣ ಮಗಳು