ಡ್ಯೂಟಿ ಹಿಂದಿನ ರಾತ್ರಿ ಕುಡಿಯುವ ಬಗ್ಗೆ

ಪೈಲಟ್ ಗೆಳೆಯರಿಗೆಲ್ಲ ನಮಸ್ಕಾರ.

"ರಾತ್ರಿ ಕುಡಿದು ಚೆನ್ನಾಗಿ ನಿದ್ದೆ ಮಾಡಿದರೆ ಬೆಳಿಗ್ಗೆ ಸರಿಹೋಗುತ್ತೆ ಅಲ್ವಾ?" ಅಂತ ಮೊನ್ನೆ ಒಬ್ಬರು ಇಲ್ಲಿ ಕೇಳಿದ್ದರು. ಇಲ್ಲ. ನಿದ್ದೆ, ಕಾಫಿ, ತಣ್ಣೀರು ಸ್ನಾನ ಯಾವುದೂ ಅಮಲನ್ನು ಬೇಗ ಇಳಿಸುವುದಿಲ್ಲ. ಲಿವರ್ ತನ್ನ ಪಾಡಿಗೆ ರಕ್ತದಲ್ಲಿನ ಆಲ್ಕೋಹಾಲ್ ಮಟ್ಟವನ್ನು ಗಂಟೆಗೆ ಸುಮಾರು ಶೇಕಡಾ 0.015 ಅಂಶದಷ್ಟು ಮಾತ್ರ ಇಳಿಸುತ್ತದೆ. ಜಾಸ್ತಿ ಕುಡಿದಿದ್ದರೆ, ಹಾರಾಟಕ್ಕೆ ಮೊದಲು ಇಷ್ಟು ಹೊತ್ತು ಕುಡಿಯಬಾರದು ಅನ್ನುವ ಅಮೆರಿಕದ 8 ಗಂಟೆಯ ನಿಯಮ, ಭಾರತದ 12 ಗಂಟೆಯ ನಿಯಮ ಎರಡೂ ಸಾಲದೆ ಹೋಗಬಹುದು.

ರಕ್ತದಲ್ಲಿ ಆಲ್ಕೋಹಾಲ್ ಸೊನ್ನೆಗೆ ಬಂದ ಮೇಲೂ, ದೇಹದ ಸಮತೋಲನ ನೋಡಿಕೊಳ್ಳುವ ಒಳಕಿವಿಯಲ್ಲಿ ಅದರ ಪರಿಣಾಮ ಗಂಟೆಗಟ್ಟಲೆ ಉಳಿಯುತ್ತದೆ. ಮೋಡದೊಳಗೆ ದಿಗಂತ ಕಾಣದಿರುವಾಗ, ರೇಡಿಯೋ ನೋಡಲು ಸುಮ್ನೆ ತಲೆ ತಿರುಗಿಸಿದರೂ ವಿಮಾನ ವಾಲಿದಂತೆ ಅನ್ನಿಸಬಹುದು.

1977ರ ಜನವರಿಯಲ್ಲಿ ಅಲಾಸ್ಕಾದ ಆಂಕರೇಜ್‌ನಲ್ಲಿ ಒಂದು ಡಿಸಿ-8 ಸರಕು ವಿಮಾನ ನೆಲ ಬಿಟ್ಟ ಕೂಡಲೇ ಬಿತ್ತು. ಒಳಗಿದ್ದ ಐವರೂ ಸತ್ತರು. ಕ್ಯಾಪ್ಟನ್ ಕುಡಿದಿದ್ದರು. ಸಿಬ್ಬಂದಿಯನ್ನು ಕರೆತಂದ ಟ್ಯಾಕ್ಸಿ ಚಾಲಕನಿಗೆ ಅನುಮಾನ ಬಂದು ತನ್ನ ಕಚೇರಿಗೆ ತಿಳಿಸಿದ್ದ. ಜೊತೆಗಿದ್ದ ಸಿಬ್ಬಂದಿ ಮಾತ್ರ ಅವರನ್ನು ತಡೆಯಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ಪಕ್ಕದವರು ಹಿರಿಯರು ಅಂತ ಸುಮ್ಮನಿರಬೇಡಿ. ಡ್ಯೂಟಿಗೆ ಮೊದಲು ಆಲ್ಕೋಹಾಲ್ ಇರುವ ಮೌತ್‌ವಾಶ್, ಕೆಮ್ಮಿನ ಸಿರಪ್ ಕೂಡ ಬೇಡ. ಹುಷಾರಿಲ್ಲ ಅನ್ನಿಸಿದರೆ ಎಷ್ಟು ಹೊತ್ತಾಗಿದ್ದರೂ ನನಗೆ ಫೋನ್ ಮಾಡಿ. ಬದಲಿ ಪೈಲಟ್‌ನ ಹುಡುಕುತ್ತೇನೆ, ಕಾರಣ ಕೇಳುವುದಿಲ್ಲ.